ಬಲತುದಿಯ ಉಪ್ಪು

ತಿರುಮಲೇಶ ಹನ್ನೊಂದನೆಯ ದಿಕ್ಕಿಗೆ ಹೋಗಿ ಮರಳಿದ ಸಂಜೆಗಳಲ್ಲಿ ಅವನ ಹೆಂಡತಿ ಮಾಲಿನಿ ಬಾಳೆಲೆಯ ಬಲತುದಿಗೆ ಉಪ್ಪು ಬಡಿಸುತ್ತಿದ್ದಳು. ಹತ್ತು ದಿಕ್ಕುಗಳಾಚೆಯ ಆ ಕಡೆಗೆ ಹೋದವರು ಕನ್ನಡಿಯೊಳಗಿನವರಂತೆ ಎಡಬಲ ತಿರುಗಿ ಬರುತ್ತಾರೆಂಬುದು ಈಗ ಮಕ್ಕಳಿಗೂ ಗೊತ್ತು. ಎಡಗೈಯಲ್ಲಿ ಉಣ್ಣುತ್ತಾರೆ, ಅಂಗಡಿಯ ಹೆಸರು ಓದಲು ತಡವರಿಸುತ್ತಾರೆ, ಇನ್ನೊಮ್ಮೆ ಹೋಗಿಬಂದರೆ ಸರಿಹೋಗುತ್ತಾರೆ. ತಿರುಗದೆ ಯಾರೂ ಬರಲಾರರೆಂದು ಮೊದಲು ಲೆಕ್ಕ ಮಾಡಿ ತೋರಿಸಿದ ಭೌತವಿಜ್ಞಾನಿಯೇ ತಿರುಮಲೇಶ.

ಆದರೆ ಈ ಸಂಜೆ ಅವನು ಪ್ರಯೋಗಾಲಯದಿಂದ ಮನೆಯವರೆಗೂ ದಾರಿಯ ಬೋರ್ಡುಗಳನ್ನೆಲ್ಲ ಸರಾಗವಾಗಿ ಓದಿಕೊಂಡು ಬಂದಿದ್ದ. ಲೆಕ್ಕ ಎಲ್ಲಿ ತಪ್ಪಿತೆಂದು ಯೋಚಿಸುತ್ತಲೇ ಊಟಕ್ಕೆ ಕುಳಿತ.

“ಉಪ್ಪು ಎಡಕ್ಕೇ ಹಾಕು ಮಾಲಿನಿ, ಇವತ್ತು ನಾನು ತಿರುಗಿಲ್ಲ,” ಎಂದು ಎಲೆಯ ಕಡೆಗೆ ಬಲಗೈ ಚಾಚಿದ.

ಮಾಲಿನಿ ಬಗ್ಗಿ ಅವನ ಮುಖ ನೋಡಿದಳು. ಮಚ್ಚೆ ಬೆಳಿಗ್ಗೆ ಇದ್ದಂತೆ ಎಡಗೆನ್ನೆಯಲ್ಲೇ ಇತ್ತು.

“ಆ ಕಡೆ ಹೋಗಿದ್ದೆ ತಾನೆ?”

“ಹೋಗಿ ಬಂದೆ ಕಣೆ.”

ಹೇಳುತ್ತಿದ್ದಂತೆ ಅವನಿಗೆ ಹೊಳೆಯಿತು. ಲೆಕ್ಕ ತಪ್ಪಿರಲಿಲ್ಲ. ಅವನು ತಿರುಗಿಯೇ ಇದ್ದ. ಅವನಿಗೆ ಹೊಂದುವಂತೆ ಈ ಊರು, ಈ ಮನೆ, ಎದುರಿಗೆ ನಿಂತ ಈ ಹೆಂಗಸು ಎಲ್ಲವೂ ತಿರುಗಿದ್ದವು. ಬೆಳಿಗ್ಗೆ ಅವನು ಬಿಟ್ಟುಹೋದ ಲೋಕ ಇದಾಗಿರಲಿಲ್ಲ.

ಮಾಲಿನಿ ಸ್ವಲ್ಪ ಹಿಂದೆ ಸರಿದು ಸೆರಗು ಸರಿಪಡಿಸಿಕೊಂಡಳು. ಮನೆಗೆ ಬಂದ ಹೊಸಬರೊಡನೆ ಆಡುವ ದನಿಯಲ್ಲಿ, “ಸಂಕೋಚ ಮಾಡ್ಕೋಬೇಡಿ, ಊಟ ಮಾಡಿ. ನಮ್ಮ ತಿರುಮಲೇಶ ಬರೋದು ಇನ್ನೂ ಸ್ವಲ್ಪ ಹೊತ್ತಾಗುತ್ತೆ,” ಎಂದಳು.

ಆಮೇಲೆ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ, ಅದರ ಬಲತುದಿಗೆ ಉಪ್ಪು ಬಡಿಸಿದಳು.