ಬೇಡವಾದ ಬಿಸಿನೀರು

ದೇಶದ ಮೂಲೆಮೂಲೆಗೂ ರಸ್ತೆ ಹಾಕುವ ಕಂಪನಿಯೊಂದರಲ್ಲಿ ವಾಹನಗಳ ಸೂಪರ್‌ವೈಸರ್ ಆಗಿದ್ದ ಜಂಬಣ್ಣನಿಗೆ ಮ್ಯಾನೇಜರ್ ಆಗುವ ಆಸೆ ಬಹಳ. ಹಾಗಾಗಿ ದೊಡ್ಡ ಸಾಹೇಬರು ಬಳ್ಳಾರಿಗೆ ಬಂದಾಗ ಅವರನ್ನು ತನ್ನ ಕಾರಿನಲ್ಲೇ ಸುತ್ತಾಡಿಸಿದ. ಏಪ್ರಿಲ್ ಬಿಸಿಲಿಗೆ ಟಾರು ಕರಗುತ್ತಿತ್ತು. ಕಾರು ಮಾತ್ರ ಏರಿನಲ್ಲಿ ಸಲೀಸಾಗಿ ನುಗ್ಗಿತು.

"ಈ ಬಿಸಿಲಲ್ಲೂ ಇಂಜಿನ್ ದಣೀತಿಲ್ವಲ್ಲ, ಏನು ಮಾಡಿದ್ದೀರಿ?" ಎಂದರು ಸಾಹೇಬರು.

ಜಂಬಣ್ಣ ಈ ಪ್ರಶ್ನೆಗೇ ಕಾದಿದ್ದ.

"ಇಂಜಿನ್‌ಗೆ ಗಾಳಿ ಹೋಗೋ ಬಾಯಿ ಐತಲ್ರಿ ಸರ್, ಥ್ರಾಟಲ್? ಅದರ ಸುತ್ತ ಬಿಸಿನೀರಿನ ಪೈಪ್ ಕೊಟ್ಟಿರ್ತಾರ. ಅದರಿಂದ ಗಾಳಿ ಕಾಯ್ತೈತಿ, ಇಂಜಿನ್ ದಮ್ ಕಡಿಮಿ ಆಗ್ತೈತಿ. ನಾನು ಆ ನೀರನ್ನ ಹೊರಗಿಂದನ ತಿರುಗಿಸಿಬಿಟ್ಟೀನ್ರಿ."

"ಮತ್ತೆ ಆ ಪೈಪು ಯಾಕೆ ಕೊಟ್ಟಿದ್ದಾರೆ?"

"ಹಿಮ ಬೀಳೋ ಊರಿಗ್ರಿ. ಅಲ್ಲಿ ಥ್ರಾಟಲ್ ಒಳಗ ಮಂಜುಗಡ್ಡೆ ಕಟ್ಟಿದ್ರ ಅದು ಅಲ್ಲೇ ಸಿಕ್ಕೊಂಡು ಗಾಡಿ ಹಿಡಿತಕ್ಕ ಸಿಗಂಗಿಲ್ಲ. ಹಂಗಾಗಬಾರದಂತ ಬಿಸಿನೀರು. ನಮ್ಮ ಬಳ್ಳಾರ್ಯಾಗ ಹಿಮ ಎಲ್ಲೈತ್ರಿ?"

ಸಾಹೇಬರು ಮನಸಾರೆ ನಕ್ಕು ಅವನ ಭುಜ ತಟ್ಟಿದರು. ಜಂಬಣ್ಣ ಮನೆಗೆ ಹೋದವನೇ ಹೆಂಡತಿಗೆ, "ಇನ್ನ ಮ್ಯಾಲೆ ಮ್ಯಾನೇಜರ್ ಸಾಹೇಬ್ರು ಅಂತ ಕರಿ" ಎಂದ.

ಮರುವಾರ ಸಾಹೇಬರೇ ಫೋನ್ ಮಾಡಿದರು.

"ಜಂಬಣ್ಣ, ನಿಮ್ಮನ್ನ ಮ್ಯಾನೇಜರ್ ಮಾಡಿದ್ದೀನಿ."

"ಬಾಳ ಉಪಕಾರ ಆತ್ರಿ ಸರ್!"

"ಹಿಮದಲ್ಲಿ ಗಾಡಿಗಳಿಗೆ ಏನಾಗುತ್ತೆ ಅಂತ ನಮ್ಮಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ. ಸೋಮವಾರ ಲಡಾಖ್‌ಗೆ ಹೊರಡಿ."