ಬ್ರೇಕ್ ಡ್ರಮ್ಮಿನ ವಿಚಾರಣೆ

ಜೀಪಿನ ಮೊದಲ ಗಾಲಿ ಕಳಚಿ ನೆಲಕ್ಕೆ ಬಂದಾಗ ಮುದಿಯಪ್ಪ ಸಾಹೇಬರು ಕುರ್ಚಿಯ ತುದಿಗೆ ಸರಿದು ಕೂತರು. ಕಳ್ಳ ಸಿಕ್ಕಿಬೀಳುವ ಗಳಿಗೆಯನ್ನು ತಪ್ಪಿಸಿಕೊಳ್ಳುವ ಜಾಯಮಾನ ಅವರದಲ್ಲ.

ಕಳ್ಳನೆಂದರೆ ಡ್ರೈವರ್ ಗ್ಯಾನಪ್ಪ. ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ಎದುರಿಗೆ, ವಿಚಾರಣೆಗೆಂದೇ ರಾಯಚೂರಿನಿಂದ ಬಂದ ಮೇಲಧಿಕಾರಿ. ಕಳವು ಸಾಬೀತಾದರೆ ಗ್ಯಾನಪ್ಪನ ಹನ್ನೊಂದು ವರ್ಷದ ನೌಕರಿ ಸಂಜೆಯೊಳಗೆ ಹೋಗುತ್ತಿತ್ತು.

ಕುಷ್ಟಗಿ ಸೀಮೆಯ ಆ ಆರೋಗ್ಯ ಕಚೇರಿಗೆ ಎರಡು ಜೀಪು. ಒಂದು ಸಾಹೇಬರದು, ಹಳ್ಳಿಗಳ ತಪಾಸಣೆಗೆ. ಇನ್ನೊಂದು ನರ್ಸ್ ಯಮನೂರಮ್ಮನದು, ಹೆರಿಗೆ ಕಷ್ಟವಾದ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ತರುವುದಕ್ಕೆ. ಗ್ಯಾನಪ್ಪ ಓಡಿಸುತ್ತಿದ್ದದ್ದು ಅದನ್ನು. ಸಾಹೇಬರ ಡ್ರೈವರ್ ಎರಡು ವರ್ಷದ ಹಿಂದೆ ನಿವೃತ್ತನಾದಾಗ ಅವರು ಬೇರೆಯವನನ್ನು ಕೇಳಲಿಲ್ಲ. ಜೀಪನ್ನು ತಾವೇ ಓಡಿಸಿಕೊಳ್ಳುವುದಾಗಿ ಬರೆದರು. ಮೇಲಿನವರಿಂದ ಮೆಚ್ಚುಗೆಯ ಪತ್ರ ಬಂತು. ಸ್ವಂತ ಊರಿಗೆ ಹೋಗುವಾಗಲಂತೂ ಅವರು ಬಸ್ಸನ್ನೇ ಹತ್ತುತ್ತಿದ್ದರು. ಅಷ್ಟು ಪ್ರಾಮಾಣಿಕ ಮನುಷ್ಯ.

ಅದೇ ಹೊತ್ತಿಗೆ ಕಚೇರಿಗೆ ಹೊಸ ಬ್ರೇಕ್ ಡ್ರಮ್ಮು ಬಂದಿದ್ದವು, ಒಂದೇ ಜೀಪಿಗೆ ಆಗುವಷ್ಟು. ಹೆಚ್ಚು ಓಡುವ ಜೀಪಿಗೇ ಸಲ್ಲಬೇಕೆಂದು ಸಾಹೇಬರು ತಮ್ಮದಕ್ಕೆ ಹಾಕಿಸಿಕೊಂಡರು. ನ್ಯಾಯದ ಮಾತು, ಯಾರೂ ಚಕಾರ ಎತ್ತಲಿಲ್ಲ.

ಡ್ರಮ್ಮೆಂದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ಬೋಗುಣಿ. ಬ್ರೇಕ್ ತುಳಿದರೆ ಒಳಗಿನ ಪಟ್ಟಿ ಅದರ ಗೋಡೆಗೆ ಒತ್ತಿ ಗಾಲಿ ನಿಲ್ಲಬೇಕು. ಸವೆದು ಗೀರು ಬಿದ್ದರೆ ಲೇತಿಗೆ ಕೊಟ್ಟು ನುಣುಪು ಮಾಡಿಸಬಹುದು, ಆದರೆ ಪ್ರತಿ ಸಲವೂ ಗೋಡೆ ತೆಳ್ಳಗಾಗುತ್ತದೆ. ನರ್ಸಮ್ಮನ ಜೀಪಿನ ಡ್ರಮ್ಮುಗಳು ಗಂಗಾವತಿಯ ಲೇತನ್ನು ಮೂರು ಸಲ ಕಂಡಿದ್ದವು. ಗ್ಯಾನಪ್ಪ ನಾಲ್ಕು ಅರ್ಜಿ ಬರೆದ. ನಾಲ್ಕಕ್ಕೂ ಸಾಹೇಬರ ಉತ್ತರ ಒಂದೇ: ಒಡೆದ ಮೇಲೆ ಬರೆಯತಕ್ಕದ್ದು.

ಒಂದು ಮಧ್ಯಾಹ್ನ ತಾವರಗೇರಾದ ಕಡೆಯ ಇಳಿಜಾರಿನಲ್ಲಿ, ಹಿಂದೆ ನೋವು ತಿನ್ನುತ್ತಿದ್ದ ಬಸುರಿ ಮಲಗಿರುವಾಗ, ಬ್ರೇಕ್ ಹಿಡಿಯಲಿಲ್ಲ. ಜೀಪು ಸಜ್ಜೆ ಹೊಲಕ್ಕೆ ನುಗ್ಗಿ, ಬದುವಿಗೆ ಗುದ್ದಿ ನಿಂತಿತು. ತಾಯಿ ಮಗು ಉಳಿದದ್ದು ಪುಣ್ಯ. ಗ್ಯಾನಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ. ಐದನೆಯ ಅರ್ಜಿಯ ಮೇಲೆ ಸಾಹೇಬರು ಷರಾ ಬರೆದರು: ‘ವಾಹನ ನಿಂತಿದೆ. ಆದ್ದರಿಂದ ಬ್ರೇಕ್ ಸರಿಯಿದೆ.’

ಆಮೇಲೆ ಅರ್ಜಿ ಬರಲಿಲ್ಲ. ಜೀಪು ಕಿರುಗುಟ್ಟುವುದನ್ನೂ ಬಿಟ್ಟಿತು. ಕೇಳುವವನು ಕೇಳುವುದನ್ನು ನಿಲ್ಲಿಸಿದನೆಂದರೆ ಎಲ್ಲೋ ಕೈ ಹಾಕಿದ್ದಾನೆ ಎಂದು ಸಾಹೇಬರಿಗೆ ಗುಮಾನಿ ಬಂತು. ರಾಯಚೂರಿಗೆ ಬರೆದರು.

ಈಗ ಗಂಗಾವತಿಯ ಮೆಕ್ಯಾನಿಕ್ ಕುಬೇರಪ್ಪ ನರ್ಸಮ್ಮನ ಜೀಪಿನಿಂದ ಕಳಚಿದ ಡ್ರಮ್ಮನ್ನು ಬೆರಳಿಗೆ ತೂಗುಹಾಕಿ ಸ್ಪ್ಯಾನರಿನಿಂದ ಬಡಿದ. ಠಣ್ಣೆಂದು ಸ್ವಚ್ಛವಾಗಿ ಮೊಳಗಿತು. ಒಳಗೋಡೆಯ ಮೇಲೆ ಹೆಬ್ಬೆಟ್ಟು ಆಡಿಸಿದ.

“ಸವೆದ್ರ ಅಂಚಿಗೆ ಏಣು ಕಟ್ತದ, ಇದಕ್ಕ ಇನ್ನೂ ಕಟ್ಟಿಲ್ರಿ. ಸಾವಿರ ಕಿಲೋಮೀಟರ್ ಓಡಿದ್ರ ಹೆಚ್ಚು.”

ಕದ್ದ ಮಾಲು ಹೊಸದಾಗಿರದೆ ಇನ್ನೇನಾಗಿರುತ್ತದೆ ಎಂದು ಸಾಹೇಬರು ಮೇಲಧಿಕಾರಿಯತ್ತ ನೋಡಿ ನಕ್ಕರು. ಮೇಲಧಿಕಾರಿ ಮಾತ್ರ ಡ್ರಮ್ಮಿನ ಹಿಂಬದಿಯ ಜಿಡ್ಡು ಒರೆಸುತ್ತಿದ್ದರು. ಹೊಸ ಡ್ರಮ್ಮು ಬಂದ ದಿನವೇ ಅದರ ಮೇಲೆ ಜೀಪಿನ ನಂಬರಿನ ಕೊನೆಯ ಎರಡಂಕಿ ಕೊರೆಯುವುದು ಆ ಕಚೇರಿಯ ಪದ್ಧತಿ. ನರ್ಸಮ್ಮನ ಜೀಪು ಅರವತ್ಮೂರು. ಜಿಡ್ಡಿನಡಿಯಿಂದ ಎದ್ದದ್ದು ನಲವತ್ತೊಂದು.

ನಲವತ್ತೊಂದು ಸಾಹೇಬರ ಜೀಪು.

ಗ್ಯಾನಪ್ಪ ಮುಚ್ಚಿಡಲಿಲ್ಲ. ಇಪ್ಪತ್ತು ದಿನದ ಹಿಂದೆ, ಸಾಹೇಬರು ಊರಿಗೆ ಹೋಗಿದ್ದ ಭಾನುವಾರ, ಅವರ ಮನೆಯ ಹಿಂದಿನ ಶೆಡ್ಡಿಗೆ ಹೋಗಿ ನಾಲ್ಕೂ ಡ್ರಮ್ಮು ಅದಲುಬದಲು ಮಾಡಿದ್ದೆನೆಂದು ಒಪ್ಪಿಕೊಂಡ.

ಸಾಹೇಬರು ತಮ್ಮ ಜೀಪಿನ ಓಟವನ್ನೂ ಡೀಸೆಲ್ಲಿನ ಲೆಕ್ಕವನ್ನೂ ತಾವೇ ಬರೆದಿಡುತ್ತಿದ್ದ ಲಾಗ್ ಬುಕ್ಕನ್ನು ಮೇಲಧಿಕಾರಿ ತರಿಸಿದರು. ಹೋದ ತಿಂಗಳು ಎರಡು ಸಾವಿರದ ಮುನ್ನೂರು ಕಿಲೋಮೀಟರ್. ನಿನ್ನೆಯೂ ತಾವರಗೇರಾಕ್ಕೆ ಹೋಗಿ ಬಂದಿದೆ, ಅದೇ ಇಳಿಜಾರಿನ ದಾರಿ. ಮೇಲಧಿಕಾರಿಯ ಮೈ ಉರಿದುಹೋಯಿತು. ಇದು ಕಳವಲ್ಲ, ಕೊಲೆಯ ಸಂಚು, ಪೊಲೀಸರಿಗೇ ಒಪ್ಪಿಸಬೇಕು ಎಂದರು.

ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಸಾವಿನ ಬಾಯಿಂದ ಪಾರಾದವರಿಗೆ ಹಾಗಾಗುವುದು ಸಹಜ. ಆದರೂ ಅವರ ದೊಡ್ಡತನ ನೋಡಿ.

“ಹೋಗ್ಲಿ ಬಿಡ್ರಿ ಸರ್. ಮಕ್ಕಳ ತಂದಿ ಅದಾನ. ಕೇಸು ಗೀಸು ಏನೂ ಬ್ಯಾಡ, ನಾ ಕ್ಷಮಿಸೀನಿ.”

ಮೇಲಧಿಕಾರಿಯ ಕಣ್ಣು ತೇವವಾಯಿತು. ಗ್ಯಾನಪ್ಪನ ಕಡೆ ತಿರುಗಿದರು. “ಇಂಥಾ ದೇವರಂಥ ಮನುಷ್ಯಾನ ಜೀವದ ಬಗ್ಗೆ ಒಂದೀಟರೆ ಯೋಚನಿ ಮಾಡಿದ್ಯೇನೋ?”

“ಮಾಡೇ ಹಾಕೀನ್ರಿ. ಸಾಹೇಬ್ರಿಗೆ ಏನೂ ಆಗಂಗಿಲ್ಲ ಅಂತ ನನಗ ಖಾತ್ರಿ ಇತ್ತು.”

ಈ ಉದ್ಧಟತನಕ್ಕೆ ಕ್ಷಮೆ ಇಲ್ಲವೆಂದು ಮೇಲಧಿಕಾರಿ ಎದ್ದರು. ಪೊಲೀಸರು ಬರುವ ಮೊದಲು ಆ ಜೀಪಿನ ಬ್ರೇಕನ್ನು ತಾವೇ ತುಳಿದು ನೋಡಬೇಕು ಎಂದು ಸಾಹೇಬರ ಮನೆಯತ್ತ ನಡೆದರು. ಊಟ ಮುಗಿಸಿ ನೋಡೋಣವೆಂದು ಸಾಹೇಬರು ದಾರಿಯುದ್ದಕ್ಕೂ ಮೂರು ಸಲ ಹೇಳಿದರು. ಶೆಡ್ಡಿನ ಮುಂದೆ ನಾಲ್ಕನೆಯ ಸಲ ಹೇಳುವಷ್ಟರಲ್ಲಿ ಕುಬೇರಪ್ಪ ಚಿಲಕ ತೆಗೆದಿದ್ದ.

ನಿನ್ನೆ ತಾವರಗೇರಾಕ್ಕೆ ಹೋಗಿ ಬಂದಿದ್ದ ಜೀಪಿನ ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು, ಅದರ ರೆಕ್ಕೆಯಡಿಯಿಂದ ಆಗಷ್ಟೇ ಮೊಟ್ಟೆಯೊಡೆದ ಮರಿಯೊಂದು ತಲೆ ಹೊರಗೆ ಹಾಕಿತು.