ಎಡಗೈಯ ಮೊದಲ ಸಾಲು

ಪಾರ್ಶ್ವವಾಯು ಗಂಡನ ಮಾತನ್ನೂ ಬಲಗೈಯನ್ನೂ ಕಸಿದುಕೊಂಡ ಮೇಲೆ ಅವನ ಒಂದೇ ಒಂದು ಮಾತಿಗಾಗಿ ಅವಳು ಹಂಬಲಿಸಿದ್ದಳು. ಈ ಹೊತ್ತು ಮೈದುನ ಬಂದು, ಒಂದೇ ಕೈಯಲ್ಲಿ ಟೈಪ್ ಮಾಡುವಂತೆ ಕಂಪ್ಯೂಟರನ್ನು ಹೊಂದಿಸಿಕೊಟ್ಟ.

“ಅತ್ತಿಗೆ, ಇನ್ನು ಎರಡು ಕೀ ಒಟ್ಟಿಗೆ ಒತ್ತಬೇಕಾಗಿಲ್ಲ. ಶಿಫ್ಟ್ ಒಮ್ಮೆ ಒತ್ತಿ ಬಿಟ್ರೆ ಸಾಕು, ಮುಂದಿನ ಅಕ್ಷರಕ್ಕೆ ಅದೇ ಕಾದಿರುತ್ತೆ. ನೋಡ್ತಿರಿ, ಅಣ್ಣ ಮೊದಲು ಬೈಯೋದು ನಿಮ್ಮ ಉಪ್ಪಿಲ್ಲದ ಗಂಜೀನೇ!”

“ಬೈಯಲಿ ಬಿಡಪ್ಪ. ನನ್ನನ್ನೇ ತಾನೆ?”

ಗಂಡನ ಎಡಗೈ ಬೆರಳು ತಡವರಿಸುತ್ತ ಒಂದೊಂದೇ ಅಕ್ಷರ ಹುಡುಕಿತು. ಅವಳು ಪಕ್ಕದಲ್ಲೇ ಕಾದಳು. ಬರೆದು ಮುಗಿಸಿದವನು ಅವಳತ್ತ ತಿರುಗಿ ಮೆಲ್ಲಗೆ ನಕ್ಕ. ಪರದೆಯ ಮೇಲಿತ್ತು:

“ಸಿಸ್ಟರ್, ನೀವು ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಂಡಿರಿ. ನನ್ನ ಹೆಂಡತಿ ಒಂದು ದಿನವೂ ಬರಲೇ ಇಲ್ಲವಲ್ಲ?”